ಡ್ರೇಕ್ ದಾಟಿ ಮರಳುವಾಗ

ಹಡಗು ಉತ್ತರಕ್ಕೆ ಮುಖ ಮಾಡಿ ಒಂದು ಹಗಲು ಕಳೆಯುವಷ್ಟರಲ್ಲಿ ಬ್ರಿಡ್ಜಿನ ಪುಟ್ಟ ಪರದೆಯೊಂದರ ಮುಂದೆ ಜನ ಸೇರತೊಡಗುತ್ತಾರೆ. ಅದು ಸಮುದ್ರದ ನೀರಿನ ಉಷ್ಣತೆ ತೋರಿಸುವ ಪರದೆ. ಅಂಟಾರ್ಕ್ಟಿಕದ ಪರ್ಯಾಯದ್ವೀಪದ ಸುತ್ತ ಸುಳಿದಾಡಿದಷ್ಟು ದಿನವೂ ಅಲ್ಲಿ 1 ಡಿಗ್ರಿ, ತಪ್ಪಿದರೆ 2 ಡಿಗ್ರಿ. ಈಗ ಕೆಲವೇ ಗಂಟೆಗಳಲ್ಲಿ 3, 4, 5 ಎಂದು ಏರಿಬಿಡುತ್ತದೆ. ಹೊರಗೆ ಮಂಜು ಕವಿದು ಹಡಗಿನ ಮೂತಿಯೇ ಕಾಣದಂತಾಗುತ್ತದೆ. ದಕ್ಷಿಣದ ತಣ್ಣೀರು ಉತ್ತರದ ಬೆಚ್ಚಗಿನ ನೀರಿನ ಅಡಿಗೆ ನುಸುಳಿ ಇಳಿಯುವ ಜಾಗ ಇದು. ಧ್ರುವ ಸೀಮೆ ಎಂದು ಕರೆಯುವ ಈ ಗಡಿ ಒಂದೆಡೆ ನಿಲ್ಲುವುದಿಲ್ಲ, ಋತುವಿನ ಜೊತೆ ಅತ್ತಿತ್ತ ಸರಿಯುತ್ತಿರುತ್ತದೆ. 1959ರಲ್ಲಿ ಸಹಿಯಾದ ಅಂಟಾರ್ಕ್ಟಿಕ ಒಪ್ಪಂದ 60 ಡಿಗ್ರಿ ದಕ್ಷಿಣ ಅಕ್ಷಾಂಶವನ್ನು ತನ್ನ ಎಲ್ಲೆ ಮಾಡಿಕೊಂಡಿತು. ಆದರೆ 1982ರಲ್ಲಿ ಜಾರಿಗೆ ಬಂದ ಸಮುದ್ರಜೀವಿಗಳ ರಕ್ಷಣೆಯ ಒಪ್ಪಂದ ಈ ನೀರಿನ ಗಡಿಯ ಜಾಡನ್ನೇ ಹಿಡಿಯಿತು. ಕ್ರಿಲ್ ಎಂಬ ಸಿಗಡಿಯಂಥ ಜೀವಿಗೆ, ಅದನ್ನು ತಿಂದು ಬದುಕುವ ಪೆಂಗ್ವಿನ್, ಸೀಲ್, ತಿಮಿಂಗಿಲಗಳಿಗೆ ಅಂಟಾರ್ಕ್ಟಿಕ ಮುಗಿಯುವುದು ಇಲ್ಲಿ. ಪ್ರಯಾಣಿಕರಿಗೂ ಅಷ್ಟೆ.

ಅರ್ಜೆಂಟೀನಾದ ಉಶುಆಯಾದಿಂದ ಹೊರಡುವ ಸಣ್ಣ ಹಡಗಿನ ಯಾತ್ರೆಯ ಬಗ್ಗೆ ಬರೆದವರೆಲ್ಲ ಮಂಜುಗಡ್ಡೆಯ ಬಗ್ಗೆ ಬರೆದಿದ್ದಾರೆ, ಬರೆಯಲೇಬೇಕು. ಲೆಮೇರ್ ಕಾಲುವೆಯ ಎರಡು ಬದಿಯ ಕಪ್ಪು ಬಂಡೆ, ನೆಕೋ ಹಾರ್ಬರಿನಲ್ಲಿ ಹಿಮನದಿ ಒಡೆದು ಬೀಳುವ ಗುಡುಗು, ಇವನ್ನು ನೋಡಿದ ಮೇಲೆ ಸುಮ್ಮನಿರಲು ಯಾರಿಂದಲೂ ಆಗದು. ನನಗೆ ಹೇಳಬೇಕಿರುವುದು ಅದು ಮುಗಿದ ಮೇಲಿನ ಎರಡು ದಿನಗಳ ಬಗ್ಗೆ. ಕಂಡದ್ದೇನು, ಅದಕ್ಕೆ ತೆತ್ತದ್ದೇನು ಎಂದು ಕೂತು ಯೋಚಿಸಲು ಇಡೀ ಯಾತ್ರೆಯಲ್ಲಿ ಬಿಡುವು ಸಿಗುವುದು ಆಗ ಮಾತ್ರ.

ಹೋಗುವಾಗ ಡ್ರೇಕ್ ಜಲಸಂಧಿ ಒಂದು ಅಡ್ಡಿ, ಯಾವಾಗ ಮುಗಿಯುತ್ತದೋ ಎಂಬ ಕಾತರ. ಕೇಪ್ ಹಾರ್ನ್‌ನಿಂದ ದಕ್ಷಿಣ ಶೆಟ್ಲೆಂಡ್ ದ್ವೀಪಗಳವರೆಗೆ ಸುಮಾರು 800 ಕಿಲೋಮೀಟರ್ ಅಗಲದ ಈ ನೀರಿನಲ್ಲಿ ಅಲೆಗೆ ಅಡ್ಡ ನಿಲ್ಲುವ ನೆಲವೇ ಇಲ್ಲ. ಭೂಮಿಯನ್ನು ಪೂರ್ತಿ ಸುತ್ತುವ ಸಾಗರ ಪ್ರವಾಹ ಇಲ್ಲಿ ಇಕ್ಕಟ್ಟಿಗೆ ಸಿಕ್ಕಿ ನುಗ್ಗುತ್ತದೆ. ಜಗತ್ತಿನ ನದಿಗಳೆಲ್ಲ ಸೇರಿ ಹರಿಸುವ ನೀರಿನ ನೂರು ಪಟ್ಟಿಗೂ ಹೆಚ್ಚು ನೀರು ಈ ಸಂದಿನಲ್ಲಿ ಪೂರ್ವಕ್ಕೆ ಹರಿಯುತ್ತಿದೆ. ಕೋಟ್ಯಂತರ ವರ್ಷಗಳ ಹಿಂದೆ ದಕ್ಷಿಣ ಅಮೆರಿಕ ಕಳಚಿಕೊಂಡು ಈ ದಾರಿ ತೆರೆದದ್ದರಿಂದಲೇ ದಕ್ಷಿಣದ ಖಂಡ ಬೆಚ್ಚಗಿನ ನೀರಿನ ನಂಟು ಕಡಿದುಕೊಂಡು ಇನ್ನಷ್ಟು ತಣ್ಣಗಾಯಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಅಂದರೆ ನಮ್ಮ ಹೊಟ್ಟೆ ತೊಳಸುವ ಈ ನೀರೇ ನಾವು ನೋಡಲು ಹೋದ ಮಂಜಿನ ಕಾವಲುಗಾರ. ಕಾರಿಡಾರಿನ ಹಿಡಿಕಂಬಿಗಳಿಗೆ ಸಿಕ್ಕಿಸಿಟ್ಟ ವಾಂತಿ ಚೀಲಗಳು, ಊಟದ ಮೇಜಿನ ಮೇಲೆ ತಟ್ಟೆ ಜಾರದಂತೆ ಹಾಸುವ ರಬ್ಬರ್ ಹಾಸು, ಇವೆಲ್ಲ ಹೋಗುವಾಗಲೂ ಇರುತ್ತವೆ, ಬರುವಾಗಲೂ. ವ್ಯತ್ಯಾಸ ಜನರಲ್ಲಿ. ಬರುವಾಗ ಅಷ್ಟೇ ತೂಗಾಟವಿದ್ದರೂ ಯಾರೂ ಗಡಿಯಾರ ನೋಡುವುದಿಲ್ಲ. ಹಿಂಭಾಗದ ಡೆಕ್ಕಿನಲ್ಲಿ ನಿಂತು ಆಲ್ಬಟ್ರಾಸ್ ಹಕ್ಕಿಯನ್ನು ನೋಡುತ್ತಾರೆ. ರೆಕ್ಕೆ ಬಿಚ್ಚಿದರೆ 3 ಮೀಟರಿಗೂ ಹೆಚ್ಚು ಅಗಲವಿರುವ ಈ ಹಕ್ಕಿ ರೆಕ್ಕೆ ಬಡಿಯದೆಯೇ ಗಂಟೆಗಟ್ಟಲೆ ಹಡಗಿನ ಬೆನ್ನು ಹಿಡಿಯುತ್ತದೆ. ಅಲೆಯ ತಗ್ಗಿನಲ್ಲಿ ಗಾಳಿ ಕಡಿಮೆ, ಮೇಲೆ ಹೆಚ್ಚು. ಆ ವ್ಯತ್ಯಾಸದಿಂದಲೇ ಅದು ಹಾರಾಟದ ಶಕ್ತಿ ಪಡೆಯುತ್ತದೆ. ಹೋಗುವ ದಾರಿಯಲ್ಲೂ ಅದು ಇತ್ತು, ನಮ್ಮಲ್ಲಿ ಅರ್ಧ ಜನ ಆಗ ಹಾಸಿಗೆ ಹಿಡಿದಿದ್ದರು.

ಈಗ ಈ ಎರಡು ದಿನವನ್ನೇ ತಪ್ಪಿಸುವ ಯಾತ್ರೆಗಳೂ ಬಂದಿವೆ. ಚಿಲಿಯ ಪುಂತಾ ಅರೆನಾಸ್‌ನಿಂದ ಕಿಂಗ್ ಜಾರ್ಜ್ ದ್ವೀಪಕ್ಕೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ಅಲ್ಲಿ ಕಾಯುತ್ತಿರುವ ಹಡಗು ಹತ್ತಿದರೆ ಆಯಿತು, ಮುಗಿದ ಮೇಲೆ ಮತ್ತೆ ವಿಮಾನ. ವಯಸ್ಸಾದವರಿಗೆ, ರಜೆ ಕಡಿಮೆ ಇರುವವರಿಗೆ ಇದು ಅನುಕೂಲವೇ. ಆದರೂ ಬೆಳಿಗ್ಗೆ ಪೆಂಗ್ವಿನ್ ನೋಡಿ ಸಂಜೆ ಹೋಟೆಲ್ ಸೇರಿಬಿಟ್ಟರೆ ನೋಡಿದ್ದು ಒಳಗಿಳಿಯಲು ಹೊತ್ತು ಎಲ್ಲಿದೆ ಎಂಬುದು ನನ್ನ ಪ್ರಶ್ನೆ. ಅಷ್ಟು ದೂರದ ಜಾಗ ದೂರದಲ್ಲಿದೆ ಎಂಬುದು ಮೈಗೆ ಗೊತ್ತಾಗಬೇಕು.

ಇಂಥ ಯಾತ್ರೆಯ ಕಲ್ಪನೆ ಬಂದದ್ದು ಸ್ವೀಡನ್ ಮೂಲದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬವರಿಂದ. ಹೆಚ್ಚಾಗಿ ವಿಜ್ಞಾನಿಗಳೂ ನೌಕಾಪಡೆಯವರೂ ಕಾಲಿಡುತ್ತಿದ್ದ ನೆಲಕ್ಕೆ 1966ರಲ್ಲಿ ಅವರು ಸಾಮಾನ್ಯ ಪ್ರವಾಸಿಗರನ್ನು ಕರೆದೊಯ್ದರು. 1969ರಲ್ಲಿ ಇದಕ್ಕೆಂದೇ ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’ ಎಂಬ ಪುಟ್ಟ ಕೆಂಪು ಹಡಗು ಕಟ್ಟಿಸಿದರು. ನೂರರ ಆಸುಪಾಸಿನ ಪ್ರಯಾಣಿಕರು, ಜೊತೆಗೆ ಪಕ್ಷಿತಜ್ಞರು, ಭೂವಿಜ್ಞಾನಿಗಳು, ಇತಿಹಾಸ ಬಲ್ಲವರು. ದಡಕ್ಕೆ ಹೋಗಲು ಜೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿ. ಸಂಜೆ ಎಲ್ಲರೂ ಕೂತು ಆ ದಿನ ಕಂಡದ್ದರ ಮಾತು. ಇವತ್ತಿಗೂ ಸಣ್ಣ ಹಡಗುಗಳು ನಡೆಯುವುದು ಅದೇ ಕ್ರಮದಲ್ಲಿ. ನೋಡಿದವರು ಪ್ರೀತಿಸುತ್ತಾರೆ, ಪ್ರೀತಿಸಿದವರು ಉಳಿಸುತ್ತಾರೆ ಎಂಬುದು ಅವರ ನಂಬಿಕೆಯಾಗಿತ್ತು.

ಹಡಗು ಸಣ್ಣದಿರಬೇಕು ಎಂಬುದಕ್ಕೆ ಕಾರಣವಿದೆ. ಅಂಟಾರ್ಕ್ಟಿಕಕ್ಕೆ ಹೋಗುವ ಪ್ರವಾಸ ಕಂಪನಿಗಳು, ಮೊದಲಿಗೆ ಏಳೇ ಏಳು, 1991ರಲ್ಲಿ ಐಯಾಟೋ ಎಂಬ ಸಂಘ ಕಟ್ಟಿಕೊಂಡು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡವು. ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನಕ್ಕಿಂತ ಹೆಚ್ಚು ದಡ ಹತ್ತುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ, ದೂರದಿಂದ ನೋಡಿ ಹೋಗಬೇಕು. ಪ್ರತಿ 20 ಜನಕ್ಕೆ ಒಬ್ಬ ಗೈಡ್. ಪೆಂಗ್ವಿನ್‌ನಿಂದ 5 ಮೀಟರ್ ದೂರ, ಅದು ತಾನಾಗಿ ಹತ್ತಿರ ಬಂದರೆ ಮಾತು ಬೇರೆ. ಹೆಜ್ಜೆ ಹಾಕಿ ಹಾಕಿ ಸವೆದ ಪೆಂಗ್ವಿನ್ ಹಾದಿಗೆ ಅಡ್ಡ ನಿಲ್ಲುವಂತಿಲ್ಲ, ಅವುಗಳಿಗೇ ಮೊದಲ ಹಕ್ಕು. 2023ರ ಕೊನೆಯಲ್ಲಿ ಹಕ್ಕಿಜ್ವರ ದಕ್ಷಿಣ ಜಾರ್ಜಿಯಾ ದ್ವೀಪ ತಲುಪಿ, 2024ರ ಫೆಬ್ರುವರಿಯಲ್ಲಿ ಪರ್ಯಾಯದ್ವೀಪದಲ್ಲೂ ಪತ್ತೆಯಾದ ಮೇಲೆ ನೆಲದ ಮೇಲೆ ಕೂರುವುದು, ಮಂಡಿಯೂರುವುದು, ಚೀಲ ಇಡುವುದು ಎಲ್ಲಕ್ಕೂ ತಡೆ ಬಿದ್ದಿದೆ. ನೆಲ ಮುಟ್ಟಬಹುದಾದದ್ದು ಗಮ್‌ಬೂಟಿನ ಅಡಿ ಮಾತ್ರ.

ಆ ಬೂಟಿನ ಬಗ್ಗೆ ಸ್ವಲ್ಪ ಹೇಳಬೇಕು. ಕೊನೆಯ ದಡದಿಂದ ವಾಪಸು ಬಂದ ಸಂಜೆ ಹಡಗಿನ ಕೆಳಗಿನ ಅಂತಸ್ತಿನಲ್ಲಿ, ಬೂಟು ಮತ್ತು ಜಾಕೆಟ್ ಇಡುವ ಕೋಣೆಯಲ್ಲಿ, ಎಲ್ಲರಿಗೂ ಒಂದೇ ಕೆಲಸ. ಪೆಂಗ್ವಿನ್ ಹಿಕ್ಕೆ ಕ್ರಿಲ್ ತಿಂದದ್ದರಿಂದ ಗುಲಾಬಿ ಬಣ್ಣಕ್ಕಿರುತ್ತದೆ. ಋತುವಿನ ಕೊನೆಗೆ ಮರಿಗಳು ಬೆಳೆದು ಇಡೀ ದಡವೇ ಅದರ ಕೆಸರು. ಅದು ಬೂಟಿನ ತಳದ ಗೀರುಗಳಲ್ಲಿ ಸಿಮೆಂಟಿನಂತೆ ಕೂತಿರುತ್ತದೆ. ಮೊದಲು ಬ್ರಷ್ಷು, ನೀರಿನ ಪೈಪು. ಆಮೇಲೆ ವಿರ್ಕಾನ್ ಎಂಬ ಗುಲಾಬಿ ಬಣ್ಣದ ಸೋಂಕುನಾಶಕದ ತೊಟ್ಟಿಯಲ್ಲಿ ನಿಲ್ಲಬೇಕು. ನನ್ನ ಪಕ್ಕದ ಬೆಂಚಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಬೂಟನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಪಿನ್ನಿನಿಂದ ಒಂದೊಂದೇ ಗೀರನ್ನು ಕೆದಕುತ್ತಿದ್ದರು. ಒಂದು ಕಡಲೆ ಗಾತ್ರದ ಕಲ್ಲು ಹೊರಬಂತು. ಜೆಂಟೂ ಪೆಂಗ್ವಿನ್‌ಗಳು ಗೂಡು ಕಟ್ಟುವುದು ಇಂಥ ಕಲ್ಲುಗಳಿಂದ, ಒಂದು ಕಲ್ಲಿಗಾಗಿ ನೆರೆಗೂಡಿನಿಂದ ಕದಿಯುವುದನ್ನೂ ನಾವು ನೋಡಿದ್ದೆವು. ಶಿಕ್ಷಕಿ ಅದನ್ನು ಬೊಗಸೆಯಲ್ಲಿಟ್ಟು ಗೈಡ್ ಇದ್ದಲ್ಲಿಗೆ ನಡೆದುಕೊಂಡು ಹೋಗಿ ಕೊಟ್ಟರು. ಒಂದು ಕಲ್ಲನ್ನೂ ಅಲ್ಲಿಂದ ತರುವಂತಿಲ್ಲ ಎಂಬುದು ಗೊತ್ತಿದ್ದ ಯಾರೂ ನಗಲಿಲ್ಲ.

ಈ ಶುಚಿತ್ವ ಅತಿಯಾಯಿತು ಅನ್ನಿಸಬಹುದು. ಆದರೆ ಇಡೀ ಅಂಟಾರ್ಕ್ಟಿಕ ಖಂಡದಲ್ಲಿ ತಾನಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಎರಡೇ, ಒಂದು ಹುಲ್ಲು, ಒಂದು ಪುಟ್ಟ ಮೆತ್ತೆಗಿಡ. 1980ರ ದಶಕದಲ್ಲಿ ಕಿಂಗ್ ಜಾರ್ಜ್ ದ್ವೀಪದ ಪೋಲೆಂಡ್ ನಿಲ್ದಾಣದ ಬಳಿ ಹೊರಗಿನ ಹುಲ್ಲೊಂದು ಚಿಗುರಿತು. ಜಗತ್ತಿನಾದ್ಯಂತ ಹಾದಿಬದಿಯಲ್ಲಿ ಬೆಳೆಯುವ ಪೋವಾ ಆನುವಾ ಎಂಬ ಹುಲ್ಲು ಅದು. ಅದರ ಬೇರು ಬೀಜಗಳನ್ನು ಕಿತ್ತು ತೆಗೆಯಲು ವರ್ಷಗಟ್ಟಲೆ ಒದ್ದಾಡಬೇಕಾಗಿ ಬಂದಿದೆ. ಹೋಗುವ ಮುನ್ನ ಜಾಕೆಟ್ಟಿನ ವೆಲ್ಕ್ರೋ ಪಟ್ಟಿ, ಜೇಬಿನ ಮೂಲೆಗಳನ್ನೆಲ್ಲ ವ್ಯಾಕ್ಯೂಮ್ ಹಾಕಿ ಚೊಕ್ಕ ಮಾಡುವುದು ಇದಕ್ಕೇ. ಹವೆ ಬೆಚ್ಚಗಾದಷ್ಟೂ ಇಂಥ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು. ಪರ್ಯಾಯದ್ವೀಪ ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲೇ ಸುಮಾರು 3 ಡಿಗ್ರಿ ಬಿಸಿಯೇರಿತ್ತು. 2020ರ ಫೆಬ್ರುವರಿ 6ರಂದು ಅಲ್ಲಿನ ಎಸ್ಪೆರಾನ್ಸಾ ನಿಲ್ದಾಣದಲ್ಲಿ 18.3 ಡಿಗ್ರಿ ದಾಖಲಾಯಿತು.

ಸಮುದ್ರದ ಮೇಲಿನ ಆ ಎರಡು ದಿನ ಲೌಂಜಿನಲ್ಲಿ ಉಪನ್ಯಾಸಗಳು ನಡೆಯುತ್ತವೆ. ಹೋಗುವಾಗಿನ ಉಪನ್ಯಾಸ ಏನು ನೋಡಲಿದ್ದೀರಿ ಎಂಬುದಕ್ಕೆ, ಬರುವಾಗಿನದು ನೋಡಿದ್ದೇನು ಎಂಬುದಕ್ಕೆ. ನನಗೆ ಹಿಡಿಸಿದ್ದು ತಿಮಿಂಗಿಲದ ಬಾಲದ ಕೆಲಸ. ಗೂನುಬೆನ್ನಿನ ಹಂಪ್‌ಬ್ಯಾಕ್ ತಿಮಿಂಗಿಲ ಆಳಕ್ಕೆ ಮುಳುಗುವಾಗ ಬಾಲ ಎತ್ತುತ್ತದೆ. ಬಾಲದ ಅಡಿಯ ಕಪ್ಪು ಬಿಳುಪಿನ ಗುರುತು ಒಂದರಂತೆ ಇನ್ನೊಂದಕ್ಕಿಲ್ಲ. ಪ್ರವಾಸಿಗರು ತೆಗೆದ ಇಂಥ ಫೋಟೊಗಳನ್ನು ಹ್ಯಾಪಿವೇಲ್ ಎಂಬ ಸಂಗ್ರಹಕ್ಕೆ ಕಳಿಸಿದರೆ ಕಂಪ್ಯೂಟರ್ ಹಳೆಯ ಚಿತ್ರಗಳೊಂದಿಗೆ ಹೋಲಿಸಿ, ಅದೇ ತಿಮಿಂಗಿಲ ಮೊದಲೆಲ್ಲಾದರೂ ಕಂಡಿತ್ತೇ ಎಂದು ಹೇಳುತ್ತದೆ. ಪರ್ಯಾಯದ್ವೀಪದಲ್ಲಿ ಬೇಸಿಗೆ ಕಳೆಯುವ ತಿಮಿಂಗಿಲಗಳು ಮರಿ ಹಾಕಲು ಕೊಲಂಬಿಯಾ, ಕೋಸ್ಟರಿಕಾ ಕಡೆಯ ಬೆಚ್ಚಗಿನ ನೀರಿಗೆ ಸಾವಿರಾರು ಕಿಲೋಮೀಟರ್ ಈಜುತ್ತವೆ. ತಾವು ಕ್ಯಾಮೆರಾ ಹಿಡಿದು ನಿಂತಿದ್ದ ಆ ಐದು ನಿಮಿಷ ಒಂದು ಪ್ರಾಣಿಯ ಬದುಕಿನ ದಾಖಲೆಯಲ್ಲಿ ಒಂದು ಸಾಲಾಗುತ್ತದೆ ಎಂದು ತಿಳಿದಾಗ ಲೌಂಜಿನಲ್ಲಿ ಕೂತವರ ಮುಖ ಬೇರೆಯೇ ಆಯಿತು. ತಡರಾತ್ರಿವರೆಗೂ ಜನ ತಂತಮ್ಮ ಫೋಟೊಗಳಲ್ಲಿ ಬಾಲ ಹುಡುಕುತ್ತಿದ್ದರು.

ಆ ಬಾಲಗಳು ಅಲ್ಲಿರುವುದೇ ದೊಡ್ಡ ಸಂಗತಿ. 1904ರಲ್ಲಿ ದಕ್ಷಿಣ ಜಾರ್ಜಿಯಾದ ಗ್ರಿತ್‌ವಿಕೆನ್‌ನಲ್ಲಿ ಶುರುವಾದ ತಿಮಿಂಗಿಲ ಬೇಟೆ ಆ ದ್ವೀಪವೊಂದರಲ್ಲೇ 1 ಲಕ್ಷ 75 ಸಾವಿರದಷ್ಟು ತಿಮಿಂಗಿಲಗಳನ್ನು ಎಣ್ಣೆ ಮಾಡಿತು. ಡಿಸೆಪ್ಶನ್ ದ್ವೀಪದ ಜ್ವಾಲಾಮುಖಿಯ ಕುಳಿಯೊಳಗೆ ಹಡಗು ನುಗ್ಗಿದಾಗ ಕಪ್ಪು ಮರಳಿನ ಮೇಲೆ ಈಗಲೂ ತುಕ್ಕು ಹಿಡಿದ ಎಣ್ಣೆ ಟ್ಯಾಂಕುಗಳು ಕಾಣುತ್ತವೆ. ವ್ಯಾಪಾರದ ಬೇಟೆಗೆ ತಡೆ ಬಿದ್ದ ಮೇಲೆ ಹಂಪ್‌ಬ್ಯಾಕ್‌ಗಳು ಮರಳಿ ಬಂದಿವೆ. ದೇಶಗಳು ಕೂತು ಒಂದು ಮಾತಿಗೆ ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ದೋಣಿಯ ಪಕ್ಕದಲ್ಲೇ ಉಸಿರು ಬಿಟ್ಟ ಆ ಪ್ರಾಣಿ ತೋರಿಸಿತು. ಅದರ ಉಸಿರಿಗೆ ಕೊಳೆತ ಮೀನಿನ ನಾತ, ಅದನ್ನೂ ಮರೆಯಲಾರೆ.

ಕೊನೆಯ ರಾತ್ರಿ ಕ್ಯಾಪ್ಟನ್ ಬಂದು ಎಲ್ಲರಿಗೂ ಶುಭ ಹಾರೈಸುತ್ತಾರೆ. ಯಾತ್ರೆಯ ಫೋಟೊಗಳ ಪ್ರದರ್ಶನ ಆಗುತ್ತದೆ. ನೀವೀಗ ಅಂಟಾರ್ಕ್ಟಿಕದ ರಾಯಭಾರಿಗಳು ಎಂಬ ಮಾತು ಬರುತ್ತದೆ. ಆ ಮಾತನ್ನು ನಾನು ಗೌರವದಿಂದಲೇ ಕೇಳಿಸಿಕೊಂಡೆ, ಹೇಳಿದ ಗೈಡ್ ಮನಸಾರೆ ಹೇಳಿದ್ದರು. ಆದರೆ ಊರಿಗೆ ಮರಳಿದವರ ನಡವಳಿಕೆ ನಿಜಕ್ಕೂ ಬದಲಾಗುತ್ತದೆಯೇ ಎಂದು ಸಂಶೋಧಕರು ವಿಚಾರಿಸಿ ನೋಡಿದಾಗ ಸಿಕ್ಕ ಉತ್ತರ ಅಷ್ಟೇನೂ ಗಟ್ಟಿಯಲ್ಲ. ಪ್ರೀತಿ ಬೆಳೆಯುತ್ತದೆ, ಮಾಡುವ ಕೆಲಸ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.

ಲೆಕ್ಕದ ಇನ್ನೊಂದು ಪುಟವನ್ನು ಆ ಲೌಂಜಿನಲ್ಲಿ ಅಷ್ಟು ವಿವರವಾಗಿ ತೆರೆಯಲಿಲ್ಲ, ತೆರೆಯಬೇಕಿತ್ತು. 1990ರ ದಶಕದ ಆರಂಭದಲ್ಲಿ ಒಂದು ಋತುವಿಗೆ ಏಳು ಸಾವಿರದಷ್ಟು ಪ್ರವಾಸಿಗರು ಹೋಗುತ್ತಿದ್ದರು. 2023-24ರ ಋತುವಿನಲ್ಲಿ ಅವರ ಸಂಖ್ಯೆ 1 ಲಕ್ಷ 20 ಸಾವಿರ ಮೀರಿತು. ಅವರಲ್ಲಿ ಬಹುಪಾಲು ಹೋಗುವುದು ಪರ್ಯಾಯದ್ವೀಪದ ಅವವೇ ಕೆಲವು ದಡಗಳಿಗೆ. ಚಿಲಿಯ ವಿಜ್ಞಾನಿಗಳ ನೇತೃತ್ವದ ತಂಡವೊಂದು 2022ರಲ್ಲಿ ಪ್ರಕಟಿಸಿದ ಅಧ್ಯಯನ ಹಡಗು, ವಿಮಾನ, ಜನರೇಟರುಗಳ ಹೊಗೆಯ ಮಸಿ ಹಿಮದ ಮೇಲೆ ಕೂತು ಬಿಸಿಲು ಹೀರಿ ಕರಗಿಸುವುದನ್ನು ಅಳೆಯಿತು. 2016ರಿಂದ 2020ರ ನಡುವೆ ಹೋದ ಒಬ್ಬೊಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮ ಬೇಗ ಕರಗಿತು ಎಂದು ಅವರು ಅಂದಾಜು ಮಾಡಿದರು. ಇಂಗಾಲದ ಡೈಆಕ್ಸೈಡ್ ಬೇರೆ. ಒಬ್ಬರಿಗೆ ಐದು ಟನ್ನಿನಷ್ಟು ಎಂಬ ಹಳೆಯ ಲೆಕ್ಕವೊಂದಿದೆ. ಭಾರತೀಯನೊಬ್ಬ ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಹೊರಹಾಕುವಷ್ಟು ಅದು. ಬೂಟಿನ ಗೀರಿನ ಕಲ್ಲನ್ನು ವಾಪಸು ಕೊಟ್ಟೆವು, ಚಿಮಣಿಯ ಮಸಿಯನ್ನು ಅಲ್ಲೇ ಬಿಟ್ಟು ಬಂದೆವು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಯೋಚಿಸಬೇಕು.

ಅಪಾಯವೂ ದೂರದ ಮಾತಲ್ಲ. ಲಿಂಡ್‌ಬ್ಲಾಡ್ ಕಟ್ಟಿಸಿದ ಅದೇ ಕೆಂಪು ಹಡಗು, ‘ಎಕ್ಸ್‌ಪ್ಲೋರರ್’ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದಾಗ, 2007ರ ನವೆಂಬರ್ 23ರಂದು ದಕ್ಷಿಣ ಶೆಟ್ಲೆಂಡ್ ಬಳಿ ಮಂಜುಗಡ್ಡೆಗೆ ತಾಗಿ ಮುಳುಗಿತು. ಪ್ರಯಾಣಿಕರು, ಸಿಬ್ಬಂದಿ ಸೇರಿ 154 ಜನ ಗಂಟೆಗಟ್ಟಲೆ ಜೀವರಕ್ಷಕ ದೋಣಿಗಳಲ್ಲಿ ನಡುಗುತ್ತ ಕೂತರು. ‘ನೂರ್ಡ್‌ನೂರ್ಗೆ’ ಎಂಬ ನಾರ್ವೆಯ ಹಡಗು ಬಂದು ಎಲ್ಲರನ್ನೂ ಉಳಿಸಿತು. ಸಮುದ್ರ ಅಂದು ಕೆರಳದಿದ್ದದ್ದು ಅದೃಷ್ಟ. ನೂರೈವತ್ತು ಜನರನ್ನು ಇನ್ನೊಂದು ಹಡಗು ಹತ್ತಿಸಿಕೊಳ್ಳಬಹುದು, ಮೂರು ಸಾವಿರ ಜನರನ್ನು ಯಾರು ಹತ್ತಿಸಿಕೊಳ್ಳುತ್ತಾರೆ? ಅಂಟಾರ್ಕ್ಟಿಕದ ನೀರಿನಲ್ಲಿ ಮಂದ ಇಂಧನ ಎಣ್ಣೆ ಒಯ್ಯುವುದಕ್ಕೇ 2011ರ ಆಗಸ್ಟ್‌ನಿಂದ ನಿಷೇಧ ಬಂದದ್ದು ಒಳ್ಳೆಯದಾಯಿತು. ಆಗ ಅತಿ ದೊಡ್ಡ ಹಡಗುಗಳು ಆ ಕಡೆ ಬರುವುದು ಕಡಿಮೆಯಾದದ್ದೂ ಅದರಿಂದಲೇ.

ಬೀಗಲ್ ಕಾಲುವೆ ಸೇರುತ್ತಿದ್ದಂತೆ ತೂಗಾಟ ನಿಲ್ಲುತ್ತದೆ. ಆಮೇಲೆ ವಾಸನೆ. ಅಷ್ಟು ದಿನ ಹಿಮ, ಡೀಸೆಲ್, ಪೆಂಗ್ವಿನ್ ಹಿಕ್ಕೆ ಬಿಟ್ಟು ಬೇರೇನೂ ಮೂಸದ ಮೂಗಿಗೆ ಬೆಟ್ಟದ ಕಾಡಿನ ಹಸಿ ಎಲೆ, ಒದ್ದೆ ಮಣ್ಣು ಬಡಿಯುತ್ತದೆ. ಅರ್ಜೆಂಟೀನಾದ ಪೈಲಟ್ ಹತ್ತಿ ಹಡಗನ್ನು ರಾತ್ರಿಯೇ ಉಶುಆಯಾ ಕಟ್ಟೆಗೆ ತರುತ್ತಾರೆ. ಬೆಳಿಗ್ಗೆ ತಿಂಡಿಯಾಗುವಷ್ಟರಲ್ಲಿ ಚೀಲಗಳು ಕಟ್ಟೆಯ ಮೇಲೆ ಸಾಲುಗಟ್ಟಿರುತ್ತವೆ. ಗೈಡುಗಳು ನಿಂತು ಒಬ್ಬೊಬ್ಬರ ಕೈ ಕುಲುಕುತ್ತಾರೆ. ನಮಗದು ಮುಕ್ತಾಯ, ಹಡಗಿಗೆ ಅದು ಋತುವಿನ ಅತಿ ದಟ್ಟಣೆಯ ದಿನ. ಹಾಸಿಗೆ ಬಟ್ಟೆಯ ಗಂಟುಗಳು ಕಾರಿಡಾರಿನಲ್ಲಿ, ಕ್ರೇನಿನಲ್ಲಿ ಮೊಟ್ಟೆ ತರಕಾರಿ, ಕೊಳವೆಯಲ್ಲಿ ಇಂಧನ. ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಹುಡುಗ ಕುಂದಾಪುರ ಕಡೆಯವನು. ಮೊದಲೆರಡು ದಿನ ಮೇಡಂ ಎನ್ನುತ್ತಿದ್ದವನು ಕನ್ನಡದವರೆಂದು ಗೊತ್ತಾದ ಮೇಲೆ ಅಕ್ಕ ಎಂದೇ ಕರೆದ. ಹೊರಡುವಾಗ ಮಾತಾಡಿಸಿದರೆ ಕೈಯಲ್ಲಿನ ದಿಂಬಿನ ಚೀಲ ಬಿಡದೆಯೇ ಹೇಳಿದ: “ನಾಕ್ ಗಂಟಿಗೆ ಹೊಸ್ಬರ್ ಬತ್ರ್ ಅಕ್ಕ, ಅಷ್ಟ್ರೊಳ್ಗೆ ಎಲ್ಲ ಆಯ್ಕ್.” ಇಡೀ ಋತುವಿನಲ್ಲಿ ಅವನಿಗೆ ದಡ ಹತ್ತಲು ಸಿಕ್ಕಿದ್ದು ಒಮ್ಮೆ, ಊರಿಗೆ ಕಳಿಸಿದ ಫೋಟೊ ಅದೊಂದೇ. ನಾವು ಕಂಡ ಅಂಟಾರ್ಕ್ಟಿಕ ಇಂಥವರ ದುಡಿಮೆಯ ಮೇಲೆ ನಿಂತಿದೆ ಎಂಬುದನ್ನು ಯಾತ್ರೆಯ ಬಗ್ಗೆ ಬರೆಯುವವರು ಬಿಡಬಾರದು.

ವಿಮಾನ ನಿಲ್ದಾಣದ ಬಸ್ಸಿನಲ್ಲೇ ಮುಂದಿನದು ಆರ್ಕ್ಟಿಕ್, ಸ್ವಾಲ್‌ಬಾರ್ಡ್ ಎಂಬ ಮಾತು ಶುರುವಾಗಿತ್ತು. ಕರಗುವ ಮುನ್ನ ನೋಡಿಬಿಡಬೇಕು ಎಂಬ ಆತುರ ಆ ಮಾತಿನಲ್ಲಿತ್ತು. ಸ್ವಾಲ್‌ಬಾರ್ಡಿನಲ್ಲಿ ನಾರ್ವೆ ಸರ್ಕಾರ 2025ರ ಜನವರಿ 1ರಿಂದ ಕಾನೂನನ್ನೇ ಬಿಗಿ ಮಾಡಿದೆ. ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಬರುವಂತಿಲ್ಲ, ಅಲ್ಲಿ ಇಳಿಯುವುದು ಗೊತ್ತುಪಡಿಸಿದ 43 ಜಾಗಗಳಲ್ಲಿ ಮಾತ್ರ, ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ, ವಸಂತದಲ್ಲಿ 500 ಮೀಟರ್. ಒಂದು ಸರ್ಕಾರ ಮನಸ್ಸು ಮಾಡಿತು, ಆಯಿತು.

ಅಂಟಾರ್ಕ್ಟಿಕದಲ್ಲಿ ಹಾಗಾಗದು, ಅಲ್ಲಿ ಯಾರ ಸರ್ಕಾರವೂ ಇಲ್ಲ. ಅಂಟಾರ್ಕ್ಟಿಕ ಒಪ್ಪಂದದಲ್ಲಿ ಮತದ ಹಕ್ಕಿರುವ 29 ದೇಶಗಳೂ ಒಪ್ಪಬೇಕು, ಒಂದು ದೇಶ ಬೇಡವೆಂದರೂ ನಿಯಮ ನಿಲ್ಲುತ್ತದೆ. ಹಡಗಿಗೆ 500, ದಡಕ್ಕೆ 100 ಜನ ಎಂಬ ಮಿತಿಯನ್ನು ಈ ದೇಶಗಳು 2009ರಲ್ಲೇ ಅಂಗೀಕರಿಸಿದವು, ಆದರೆ ಎಲ್ಲರ ಅನುಮೋದನೆ ಸಿಗದೆ ಹತ್ತು ವರ್ಷ ಕಳೆದರೂ ಅದು ಕಾನೂನಿನ ಬಲ ಪಡೆಯಲಿಲ್ಲ. ಕಂಪನಿಗಳ ಸಂಘದ ಶಿಸ್ತು ಇದುವರೆಗೆ ಚೆನ್ನಾಗಿಯೇ ನಡೆದಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸಂಘಕ್ಕೆ ಸೇರದ ಕಂಪನಿಯೊಂದು ನಾಳೆ ಬಂದರೆ ಅದನ್ನು ತಡೆಯುವವರು ಯಾರು? ಆ ಶಿಸ್ತಿನಲ್ಲಿ ಒಂದು ದಡಕ್ಕೆ ಒಂದು ಹೊತ್ತಿಗೆ ಎಷ್ಟು ಜನ ಎಂಬುದಿದೆ, ಇಡೀ ಋತುವಿಗೆ ಒಟ್ಟು ಎಷ್ಟು ಜನ ಎಂಬುದಿಲ್ಲ.

ಆ 29 ದೇಶಗಳಲ್ಲಿ ಭಾರತವೂ ಒಂದು. 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟ ಮೊದಲ ತಂಡದ ಬೆನ್ನಿಗೇ, 1983ರಲ್ಲಿ, ನಮಗೆ ಈ ಹಕ್ಕು ಬಂತು. ಮೈತ್ರಿ, ಭಾರತಿ ನಿಲ್ದಾಣಗಳು ಅಲ್ಲಿವೆ, 2022ರಲ್ಲಿ ನಮ್ಮದೇ ಅಂಟಾರ್ಕ್ಟಿಕ ಕಾಯ್ದೆಯೂ ಆಗಿದೆ. 2024ರ ಮೇನಲ್ಲಿ ಕೊಚ್ಚಿಯಲ್ಲಿ ಸೇರಿದ ಒಪ್ಪಂದ ದೇಶಗಳ ಸಭೆ ಪ್ರವಾಸಕ್ಕೆಂದೇ ಒಂದು ಸಮಗ್ರ ನಿಯಮಾವಳಿ ರೂಪಿಸುವ ಕೆಲಸಕ್ಕೆ ಚಾಲನೆ ಕೊಟ್ಟಿತು. ಆ ಕೆಲಸ ಭಾರತದ ನೆಲದಲ್ಲಿ ಶುರುವಾದದ್ದರಿಂದ ಮುಂದಿನ ಸಭೆಗಳಲ್ಲಿ ನಮ್ಮ ಪ್ರತಿನಿಧಿಗಳಿಂದ ನಾನು ನಿರೀಕ್ಷಿಸುವುದು ಹೆಚ್ಚು. ಪ್ರತಿ ದಡಕ್ಕೆ ಋತುವೊಂದಕ್ಕೆ ಇಂತಿಷ್ಟೇ ಜನ ಎಂಬ ಮಿತಿ, ಹಡಗಿನ ಹೊಗೆಯ ಲೆಕ್ಕ ಕೊಡುವ ಕಡ್ಡಾಯ, ಎರಡನ್ನೂ ಪರಿಶೀಲಿಸಲು ಕಂಪನಿಗಳ ಹೊರಗಿನ ವೀಕ್ಷಕರು. ಇಷ್ಟನ್ನು ಭಾರತ ಲಿಖಿತವಾಗಿ ಮುಂದಿಡಬೇಕು. ಜಾಗ ಸಿಗದೆ ಸರದಿಗಾಗಿ ನಾಲ್ಕು ವರ್ಷ ಕಾಯಬೇಕಾಗಿ ಬಂದರೆ ಕಾಯಲು ನಾವು ಸಿದ್ಧ ಎಂದು ಹೋಗಿ ಬಂದವರು, ಹೋಗಬೇಕೆಂದಿರುವವರು ಇಬ್ಬರೂ ಬರೆದು ತಿಳಿಸಬಹುದು. ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ ನಾನು ಬರೆದಿದ್ದೇನೆ.